ಮೂರು ಗಂಟೆಯ ಇಂಗ್ಲಿಷ್ ಕ್ಲಾಸು

ಕಪ್ಪು ಸಾಸರಿನ ಮೇಲೆ ಕುಣಿಯುವ ಸದ್ದು. ಕಟಕಟ ಕಟಕಟ ಅಂತ, ಚಳಿಗೆ ಹಲ್ಲು ಕಡಿದ ಹಾಗೆ. ನನ್ನ ಕಾಯಿಲೆ ನೆನಪಾದಾಗಲೆಲ್ಲ ಮೊದಲು ಕೇಳಿಸುವುದು ಅದು.

ಆವತ್ತು ಟೀಚರ್ಸ್ ಡೇ. ರಾಜಾಜಿನಗರದ ನಮ್ಮ ಮನೆಗೆ ಐದಾರು ಜನ ಹಳೆಯ ವಿದ್ಯಾರ್ಥಿಗಳು ಶಾಲು, ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದರು. ಎಲ್ಲರಿಗೂ ನಲವತ್ತು ದಾಟಿದೆ. ಆದರೂ ಸೋಫಾದ ತುದಿಯಲ್ಲೇ ಕೂತಿದ್ದರು, ಈಗಲೂ ಪ್ರಶ್ನೆ ಕೇಳಿ ಎದ್ದು ನಿಲ್ಲಿಸಿಬಿಡುತ್ತೇನೇನೋ ಅನ್ನುವ ಹಾಗೆ. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಲಲಿತಾ ಮಿಸ್. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಹತ್ತಿರ ಬೆರಳಿಗೆ ಸ್ಕೇಲಿನ ಏಟು ತಿಂದು ಕಲಿತದ್ದರಲ್ಲಿ ಇದೂ ಒಂದು: ಬಂದವರಿಗೆ ಟೀ ಕೊಡುವಾಗ ಕಪ್ಪು ಸಾಸರಿನಲ್ಲೇ ಕೊಡಬೇಕು, ಒಂದು ತೊಟ್ಟೂ ಚೆಲ್ಲಬಾರದು. A lady's hands are quiet hands ಅನ್ನುತ್ತಿದ್ದರು ನಮ್ಮ ಸಿಸ್ಟರ್.

ಅಡುಗೆಮನೆಯಿಂದ ಹಾಲಿಗೆ ಹನ್ನೆರಡು ಹೆಜ್ಜೆ. ಆ ಸದ್ದು ನನಗಿಂತ ಮೊದಲು ಹೋಗಿ ತಲುಪಿತು.

ಪ್ರಸನ್ನ ಎದ್ದು ಬಂದ. ಏಳನೇ ಕ್ಲಾಸಿನಲ್ಲಿ ನನ್ನ ಹತ್ತಿರ ಸ್ಪೆಲಿಂಗಿಗೆ ಬೈಸಿಕೊಳ್ಳುತ್ತಿದ್ದವನು, ಈಗ ಫಿಸಿಷಿಯನ್. ಕಪ್ಪನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ತೆಗೆದುಕೊಳ್ಳುವಾಗ ಹತ್ತಿರ ಬಗ್ಗಿದ. ನಾನು ಬಾಯಲ್ಲಿ ಏಲಕ್ಕಿ ಇಟ್ಟುಕೊಂಡಿದ್ದೆ.

"ವಯಸ್ಸಾಯ್ತಲ್ಲಪ್ಪ, ಪಾರ್ಕಿನ್ಸನ್ಸ್ ಶುರುವಾಗಿರಬೇಕು" ಅಂದೆ.

ಅವನು ಬೇರೆಯವರಿಗೆ ಕೇಳದ ಹಾಗೆ ಹೇಳಿದ. "ಪಾರ್ಕಿನ್ಸನ್ಸ್‌ಗೆ ಬ್ರಾಂಡಿ ವಾಸನೆ ಇರಲ್ಲ ಮಿಸ್."

ಬೆಳಿಗ್ಗೆ ಹನ್ನೊಂದು ಗಂಟೆ ಆಗ.

ಬ್ರಾಂಡಿ ನಮ್ಮ ಮನೆಗೆ ಬಂದದ್ದು ಔಷಧಿಯಾಗಿ. ಮಗಳು ಅನು ಹುಟ್ಟಿದಾಗ, ಬಾಣಂತನದಲ್ಲಿ ನನ್ನ ಅಮ್ಮ ಮೆಣಸಿನ ಕಷಾಯಕ್ಕೆ ಒಂದು ಚಮಚ ಬೆರೆಸಿ ಕೊಡುತ್ತಿದ್ದರು, ಥಂಡಿ ಆಗಬಾರದು ಅಂತ. ಆಮೇಲೆ ಬಾಟಲಿ ಅಲಮಾರಿಯಲ್ಲಿ ನೀಲಗಿರಿ ಎಣ್ಣೆಯ ಪಕ್ಕ ನಿಂತುಕೊಂಡಿತು. ಎಷ್ಟೋ ವರ್ಷ ಅದು ಚಮಚವಾಗಿಯೇ ಇತ್ತು, ನೆಗಡಿಗೆ, ಸೊಂಟ ನೋವಿಗೆ. ರಿಟೈರ್ ಆದ ಮೇಲೆ ಚಮಚ ಔನ್ಸ್ ಗ್ಲಾಸಾಯಿತು. ಯಜಮಾನರು ಹೋದ ಮೇಲೆ ಗ್ಲಾಸು ಲೋಟವಾಯಿತು. ಆದರೆ ಅವರು ಹೋದದ್ದಕ್ಕೇ ಕುಡಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅವರಿದ್ದಾಗ ಅಡಗಿಸಿಡಬೇಕಿತ್ತು, ಅಷ್ಟೇ. ತಂದುಕೊಡುತ್ತಿದ್ದವನು ಗುರುತಿನ ಆಟೋದವನು, ನಾಯಂಡಹಳ್ಳಿ ಕಡೆಯಿಂದ, ನ್ಯೂಸ್‌ಪೇಪರಿನಲ್ಲಿ ಸುತ್ತಿ. ಪ್ಲಮ್ ಕೇಕಿಗೆ ಡ್ರೈ ಫ್ರೂಟ್ಸ್ ನೆನೆಹಾಕಬೇಕು ಅಂತ ಅವನಿಗೆ ಹೇಳಿದ್ದೆ. ಒಂದು ದಿನ ಅವನು ತಲೆ ಕೆರೆದುಕೊಂಡು, "ಆಂಟಿ, ನಿಮ್ಮನೇಲಿ ವಾರಕ್ಕೆ ಎರಡು ಸಲ ಕ್ರಿಸ್‌ಮಸ್ ಬರುತ್ತಾ?" ಅಂದ. ನಕ್ಕೆ. ಆಮೇಲೆ ಬೇರೆ ಆಟೋದವನನ್ನು ಹುಡುಕಿಕೊಂಡೆ.

ಪ್ರಸನ್ನ ಬಿಡಲಿಲ್ಲ. ಮಹಡಿ ಮೇಲೆ ಇರುವ ಅನುವನ್ನು ಕರೆದು ಮಾತಾಡಿದ. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಅವಳು ಒಂದೇ ಒಂದು ಮಾತು ಹೇಳಿದ್ದು: "ನನಗೆ ಗೊತ್ತಿತ್ತು."

ಅಡ್ಮಿಟ್ ಆದೆ. ಹನ್ನೊಂದು ದಿನ. ಆ ದಿನಗಳ ಬಗ್ಗೆ ನನಗೆ ನೆನಪಿರುವುದು ಕಡಿಮೆ, ಅನುಗೆ ನೆನಪಿರುವುದು ಜಾಸ್ತಿ. ಕುಡಿಯುವುದನ್ನು ನಿಲ್ಲಿಸಿದ ಎರಡನೇ ದಿನ ನನ್ನ ಹಾಸಿಗೆ ಮೇಲೆ ಸೀಮೆಸುಣ್ಣದ ಪುಡಿ ಸುರಿಯತೊಡಗಿತು. ಕೈಯಿಂದ ಒರೆಸಿದಷ್ಟೂ ಸುರಿಯಿತು. ಸೆರಗಿಲ್ಲದ ಆಸ್ಪತ್ರೆ ಗೌನಿನಲ್ಲಿ ಎದ್ದು ನಿಂತು ಇಡೀ ವಾರ್ಡಿಗೆ ಡಿಕ್ಟೇಷನ್ ಕೊಟ್ಟೆನಂತೆ. ಯಾರೂ ಬರೆದುಕೊಳ್ಳುತ್ತಿಲ್ಲ ಅಂತ ನರ್ಸಿನ ಕೆನ್ನೆಗೆ ಹೊಡೆದೆನಂತೆ. ಮಲಮೂತ್ರದ ಪರಿವೆ ಇರಲಿಲ್ಲ. ಅನು ಎರಡು ದಿನ ನನ್ನ ಕೈ ಕಟ್ಟಲು ಸಹಿ ಹಾಕಿಕೊಟ್ಟಳು. ಹೀಗೆ ಡಾಕ್ಟರ ಕಣ್ಣೆದುರು, ಮಾತ್ರೆ ಕೊಟ್ಟು, ಅದನ್ನು ದಿನದಿನಕ್ಕೆ ಕಮ್ಮಿ ಮಾಡುತ್ತಾ ಕುಡಿತ ಬಿಡಿಸದೆ, ಮನೆಯಲ್ಲೇ ಒಮ್ಮೆಲೇ ಬಿಟ್ಟಿದ್ದರೆ ಫಿಟ್ಸ್ ಬಂದು ಸತ್ತೇ ಹೋಗಬಹುದಿತ್ತು ಅಂತ ಸೈಕಿಯಾಟ್ರಿಸ್ಟ್ ಡಾಕ್ಟರ್ ನಂದಿನಿ ಆಮೇಲೆ ಹೇಳಿದರು.

ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ನೆರೆಹೊರೆಗೆ ಅನು ಗಾಲ್ ಬ್ಲಾಡರ್ ಅಂತ ಹೇಳಿದ್ದಳು. ಎದುರುಮನೆಯವರು ಎಣ್ಣೆ ಇಲ್ಲದ ಪಲ್ಯ ಮಾಡಿ ಕಳಿಸಿದರು.

ಮನೆಗೆ ಬಂದು ಸ್ಟೇಷನರಿ ಅಂಗಡಿಯಿಂದ ಒಂದು ಅಟೆಂಡೆನ್ಸ್ ರಿಜಿಸ್ಟರ್ ತರಿಸಿದೆ. ಒಂದೇ ಹೆಸರು, ನನ್ನದು. ಕುಡಿಯದ ದಿನಕ್ಕೆ ಕೆಂಪು ಇಂಕಿನಲ್ಲಿ ಒಂದು P. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಹಿಂದಿನ ದಿನದ್ದು ಹಾಕುತ್ತಿದ್ದೆ. ಒಂದು ತಿಂಗಳು, ಆರು ತಿಂಗಳು, ವರ್ಷ. ಒಂದೂ A ಇಲ್ಲ. ಕೈ ನಡುಕ ನಿಂತಿತು. ಊಟ ಸೇರಿತು. ಆದರೆ ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ಹಾಲಿನ ಮೊಸಾಯಿಕ್ ನೆಲದ ಮೇಲೆ ಬಂದು ಕೂತರೆ ಅದರ ಎದುರು ನಾನು ಕೂತಿರುತ್ತಿದ್ದೆ. ಇಬ್ಬರಿಗೂ ಮಾಡಲು ಏನೂ ಇರುತ್ತಿರಲಿಲ್ಲ. ಕುಡಿಯುವವಳಿಗೆ ದಿನವಿಡೀ ಕೆಲಸ ಇರುತ್ತದೆ. ಬಾಟಲಿ ತರಿಸಬೇಕು, ಬಚ್ಚಿಡಬೇಕು, ವಾಸನೆ ಮುಚ್ಚಬೇಕು, ಹೇಳಿದ ಸುಳ್ಳು ನೆನಪಿಡಬೇಕು. ಅದೆಲ್ಲ ಹೋದ ಮೇಲೆ ಉಳಿದದ್ದು ನಾನು ಒಬ್ಬಳೇ. ಆ ನನ್ನ ಜೊತೆ ಅಷ್ಟು ಹೊತ್ತು ಕೂತು ಅಭ್ಯಾಸವೇ ಇರಲಿಲ್ಲ.

ಒಂದು ಚೆಕಪ್ಪಿಗೆ ರಿಜಿಸ್ಟರನ್ನೇ ತೆಗೆದುಕೊಂಡು ಹೋದೆ. ಡಾಕ್ಟರ್ ನಂದಿನಿ ನನ್ನ ಮಗಳಿಗಿಂತ ಚಿಕ್ಕವರು. ಪುಟ ತಿರುವಿ ತಿರುವಿ ನೋಡಿದರು. ಭೇಷ್ ಅನ್ನುತ್ತಾರೆ ಅಂತ ಕಾದೆ, ಈ ವಯಸ್ಸಿನಲ್ಲೂ.

"ಹಾಜರಾತಿ ಚೆನ್ನಾಗಿದೆ ಮೇಡಂ" ಅಂದರು. "ಪಾಠ ಯಾವುದು?"

ಮೂವತ್ತೊಂದು ವರ್ಷ ಮಕ್ಕಳನ್ನು ನಿಲ್ಲಿಸಿ ಉತ್ತರ ಕೇಳಿದವಳು, ಮುಖ ಕೆಳಗೆ ಹಾಕಿ ಕೂತೆ.

ಅವರ ಮಾತಿಗೇ ವಿಜಯನಗರದಲ್ಲಿ ಒಂದು ಗ್ರೂಪ್ ಮೀಟಿಂಗಿಗೆ ಹೋದೆ, ಕುಡಿತ ಬಿಟ್ಟವರದ್ದು. ಹದಿನಾಲ್ಕು ಗಂಡಸರು, ನಾನೊಬ್ಬಳು. ಎಲ್ಲ ಎದ್ದು ನಿಂತರು, ಫ್ಯಾನಿನ ಕೆಳಗಿನ ಕುರ್ಚಿ ಕೊಟ್ಟರು. ಒಬ್ಬರು ನೀರು ತಂದುಕೊಟ್ಟು ತುಂಬ ಕನಿಕರದಿಂದ, "ಮಗನಿಗಾ ಅಮ್ಮಾ?" ಅಂದರು. ನನಗೇ ಅಂದೆ. ಆಮೇಲೆ ಆವತ್ತು ಒಬ್ಬರೂ ಸರಿಯಾಗಿ ಮಾತಾಡಲಿಲ್ಲ. ಕೆಟ್ಟ ಮಾತು ಬಾಯಿಗೆ ಬಂದಾಗಲೆಲ್ಲ ನನ್ನ ಕಡೆ ನೋಡಿ ನುಂಗಿಕೊಂಡರು. ಪಾಪ, ಅವರ ಮೀಟಿಂಗ್ ನಾನು ಕೆಡಿಸಿದೆ. ವಾಪಸ್ ಬರುವಾಗ ಮೆಟ್ರೋದಲ್ಲಿ ಕೂತು ಯೋಚಿಸಿದೆ. ನಾನೇನೋ ಮುದುಕಿ, ಬಂದೆ. ಮೂವತ್ತೈದು ನಲವತ್ತರ ಹೆಂಗಸು, ಅತ್ತೆ ಮಾವನ ಜೊತೆ ಇರುವವಳು, ಎಲ್ಲಿಗೆ ಹೋಗುತ್ತೇನೆ ಅಂತ ಹೇಳಿ ಮನೆಯಿಂದ ಹೊರಡಬೇಕು?

ಹಾಗೆ ಹುಟ್ಟಿದ್ದು ಬೋರ್ಡು. ಸ್ಪೋಕನ್ ಇಂಗ್ಲಿಷ್, ಲೇಡೀಸ್ ಓನ್ಲಿ, ಮೂರರಿಂದ ನಾಲ್ಕೂವರೆ. ಗೇಟಿಗೆ ಸ್ಕ್ರೂ ಹಾಕಿ ಕೂರಿಸಿದೆ. ಇಂಗ್ಲಿಷ್ ಕಲಿಯುತ್ತೇನೆ ಅಂದರೆ ಯಾವ ಅತ್ತೆಯೂ ಬೇಡ ಅನ್ನುವುದಿಲ್ಲ, ನಮ್ಮ ಊರಿನಲ್ಲಿ. ಡಾಕ್ಟರ್ ನಂದಿನಿ ತಮ್ಮಲ್ಲಿಗೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬರುವವರಿಗೆ ನನ್ನ ವಿಳಾಸ ಕೊಡುತ್ತೇನೆ ಅಂದರು. ಅನು ಮಾತ್ರ, "ಮಮ್ಮಿ, ನೀವು ಬಿಟ್ಟಿದ್ದೀರಲ್ಲ, ಸಾಕು. ಊರ ಕುಡುಕರನ್ನೆಲ್ಲ ಹಾಲಿಗೆ ಕರೀಬೇಡಿ" ಅಂದಳು.

ಮೊದಲ ತಿಂಗಳು ಬಂದದ್ದು ಒಬ್ಬರೇ, ನಿಜವಾಗಲೂ ಇಂಗ್ಲಿಷ್ ಕಲಿಯಬೇಕಾಗಿದ್ದವರು. ಕಲಿಸಿದೆ, ಏನು ಮಾಡಲಿ. ಆಮೇಲೆ ಅತ್ತಿಗುಪ್ಪೆಯಿಂದ ಜಯಮ್ಮ ಬಂದರು. ಬ್ಲೌಸ್ ಹೊಲಿಯುವವರು, ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗದೆ ಅರ್ಧ ಗಿರಾಕಿಗಳನ್ನು ಕಳೆದುಕೊಂಡಿದ್ದರು. ಆಮೇಲೆ ಇನ್ನಿಬ್ಬರು. ಗೇಟು ಹಾಕಿಕೊಂಡು, ಫ್ಯಾನ್ ಜೋರು ಮಾಡಿ ಮಾತಾಡುತ್ತಿದ್ದೆವು. ಕೊನೆಯ ಹದಿನೈದು ನಿಮಿಷ ಮಾತ್ರ ಇಂಗ್ಲಿಷ್ ಪಾಠ, ಮನೆಯಲ್ಲಿ ಕೇಳಿದರೆ ಹೇಳಲು ನಾಲ್ಕು ವಾಕ್ಯ ಬೇಕಲ್ಲ. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು, ಅದೊಂದೇ ರೂಲ್. ಆ ಬಾಗಿಲು ಹಾಕಿದ ಮೇಲೆ ನನಗೂ ಒಂಥರಾ ಜೀವ ಬರುತ್ತಿತ್ತು. ಮೂರು ಗಂಟೆಯ ಬಿಸಿಲಿಗೆ ಕೆಲಸ ಸಿಕ್ಕಿತ್ತು.

ಗಿರಿಜಾ ಬಂದದ್ದು ಹೋದ ವರ್ಷ ಬೇಸಗೆಯಲ್ಲಿ. ಅನ್ನಪೂರ್ಣೇಶ್ವರಿ ನಗರದಲ್ಲಿ ಮನೆ, ಗಂಡ ಸರ್ಕಾರಿ ಎಂಜಿನಿಯರ್, ದಾವಣಗೆರೆ ಕಡೆಯ ಲಿಂಗಾಯತರು. ಮೂವತ್ತೆಂಟು ವರ್ಷ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ, ಎಡಗೈ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜ್. ಮೂರು ವಾರ ಬಾಯಿ ಬಿಡಲಿಲ್ಲ. ಇಂಗ್ಲಿಷ್ ವಾಕ್ಯ ಮಾತ್ರ ಬರೆದುಕೊಂಡು ಹೋಗುತ್ತಿದ್ದಳು. ಕೈಗೇನಾಯಿತಮ್ಮಾ ಅಂತ ಜಯಮ್ಮ ಕೇಳಿದರು. ಬ್ಯಾಂಡೇಜ್ ಬಿಚ್ಚಿದಳು. ಕೈಗೆ ಏನೂ ಆಗಿರಲಿಲ್ಲ. ನಡುಗುತ್ತಿತ್ತು.

ಗಂಡ ಆಫೀಸಿನ ಗೆಳೆಯರಿಗೆ ಅಂತ ಮೇಲಿನ ರೂಮಿನಲ್ಲಿ ಇಡುತ್ತಿದ್ದ ಬಾಟಲಿಯಿಂದ ಶುರುವಾದದ್ದು. ಎಷ್ಟು ಕುಡಿದಳೋ ಅಷ್ಟು ಟೀ ಡಿಕಾಕ್ಷನ್ ಸುರಿದು ಮಟ್ಟ ಸರಿಮಾಡುತ್ತಿದ್ದಳಂತೆ. ಈಗ ತಾನೇ ತರಿಸಿಕೊಳ್ಳುತ್ತಿದ್ದಳು, ಬೆಳಿಗ್ಗೆಯಿಂದಲೇ. ಆದರೆ ಅವಳು ಅತ್ತದ್ದು ಅದಕ್ಕಲ್ಲ.

"ಲಿಂಗ ಎಡಗೈಯಾಗ ಇಟ್ಕೊಂಡು ಪೂಜಿ ಮಾಡ್ಬೇಕ್ರಿ ನಾವು" ಅಂದಳು. "ಈ ಕೈಯಾಗ ಹೆಂಗ ಇಟ್ಕೊಳ್ಲಿ? ಬಿದ್ದು ಬಿಟ್ರ?"

ದಿನಾ ಬೆಳಿಗ್ಗೆ ಅತ್ತೆಯ ಪಕ್ಕ ಕೂತು ಪೂಜೆ ಮಾಡಬೇಕು. ನಮ್ಮಂಥವರ ಮನೆಯಾದರೆ ತಿಂಗಳಿಗೆ ಮೂರು ದಿನವಾದರೂ ಹೊರಗೆ ಅಂತ ನೆಪ ಹೇಳಬಹುದು. ಅವರಲ್ಲಿ ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆ ಅನ್ನುವುದೇ ಇಲ್ಲ, ಅವತ್ತೂ ಪೂಜೆ ಉಂಟು. ಹಾಗಾಗಿ ಬ್ಯಾಂಡೇಜ್. ನರ ಹಿಡಿದಿದೆ ಅಂತ ಹೇಳಿ, ಕರಡಿಗೆ ಬಿಚ್ಚದೆ, ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದಳು. ಹೀಗೇ ಒಂದು ವರ್ಷ. ಶ್ರಾವಣ ಸೋಮವಾರಕ್ಕಾದರೂ ಕೈಗೆ ತಗೋ ಅಂತ ಅತ್ತೆ ಹೇಳಿದ್ದರು. ಇವಳಿಗೂ ಬೇಕಾಗಿದ್ದದ್ದು ಅದೊಂದೇ. ಕುಡಿಯದೆ ಇರಬೇಕು ಅಂತ ಅವಳು ಒಂದು ಸಲವೂ ಹೇಳಿದ್ದು ನನಗೆ ನೆನಪಿಲ್ಲ. ಆ ಲಿಂಗ ಮತ್ತೆ ಅಂಗೈಗೆ ಬರಬೇಕು, ಅಷ್ಟೇ. ಡಾಕ್ಟರು ನನ್ನನ್ನು ಕೇಳಿದ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇತ್ತು, ಮೊದಲ ದಿನದಿಂದ.

ಶ್ರಾವಣದ ಮೊದಲ ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರದ ಕ್ಲಾಸಿನಲ್ಲಿ ಅವಳೇ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದಳು. From Monday, full stop, Miss.

ಎಲ್ಲರೂ ಚಪ್ಪಾಳೆ ಹೊಡೆದೆವು. ನಾನು ಅವಳ ನೋಟ್‌ಬುಕ್ ತೆಗೆದುಕೊಂಡು ಕೆಂಪು ಇಂಕಿನಲ್ಲಿ ಒಂದು ಸ್ಟಾರ್ ಹಾಕಿದೆ. ಕೆಳಗೆ Will power ಅಂತ ಬರೆದೆ.

ಡಾಕ್ಟರ ಹತ್ತಿರ ಹೋಗಿ ಕೇಳಿ ಬಿಡು ಅಂತ ಹೇಳಲಿಲ್ಲ. ಒಮ್ಮೆಲೇ ಬಿಟ್ಟರೆ ಏನಾಗುತ್ತದೆ ಅಂತ ನನ್ನ ಮೈಗೇ ಗೊತ್ತಿತ್ತು. ಆದರೆ ಎದ್ದು ನಿಂತು ಸರಿ ಉತ್ತರ ಹೇಳಿದ ಹುಡುಗಿಗೆ ಸ್ಟಾರ್ ಕೊಡುವ ಕೈ, ಮೂವತ್ತೊಂದು ವರ್ಷದ ಅಭ್ಯಾಸ, ಯೋಚನೆಗೆ ಕಾಯಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಆ ಪುಟ ಕಾಣುತ್ತದೆ. ಐದು ಮೂಲೆ ಒಂದೇ ಸಮ ಬಂದಿದ್ದವು.

ಬುಧವಾರ ಬೆಳಿಗ್ಗೆ ಗಿರಿಜಾಳ ಫೋನಿನಿಂದ ಕರೆ. ಅವಳ ಅತ್ತೆ. ಇಂಗ್ಲಿಷ್ ಮೇಡಮ್ಮರಾ ಅಂತ ಕೇಳಿದರು. ಗಿರಿಜಾಗೆ ಫಿಟ್ಸ್ ಬಂದಿದೆ, ನಾಲಿಗೆ ಕಚ್ಚಿಕೊಂಡಿದ್ದಾಳೆ, ಆಸ್ಪತ್ರೆಯಲ್ಲಿದ್ದೇವೆ, ಈ ವಾರ ಕ್ಲಾಸಿಗೆ ಬರುವುದಿಲ್ಲ, ತಪ್ಪು ತಿಳಿಯಬೇಡಿ ಅಂದರು. ಅಂಥ ಹೊತ್ತಿನಲ್ಲಿ ಟೀಚರಿಗೆ ಹೇಳಿ ರಜೆ ತೆಗೆದುಕೊಳ್ಳುವ ಮರ್ಯಾದೆ ಆಕೆಯದ್ದು.

ಆಟೋ ಹಿಡಿದು ಹೋದೆ. ಕಾರಿಡಾರಿನಲ್ಲಿ ಗಂಡ ಫೋನಿನಲ್ಲಿ ಯಾರಿಗೋ ಸ್ಕ್ಯಾನ್ ನಾರ್ಮಲ್ ಇದೆ, ಎಪಿಲೆಪ್ಸಿ ಇರಬಹುದಂತೆ ಅನ್ನುತ್ತಿದ್ದರು. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸ್ಕ್ಯಾನಿಗೆ ಅಂತ ಬಿಚ್ಚಿಸಿದ್ದ ಗಿರಿಜಾಳ ಕರಡಿಗೆ ಅವರ ಮುಷ್ಟಿಯಲ್ಲಿತ್ತು. ಬಾಗಿಲ ಗಾಜಿನಿಂದ ಒಳಗೆ ನೋಡಿದೆ. ಬೆವರಿನಲ್ಲಿ ತೊಯ್ದು ಹೋಗಿದ್ದಳು. ಎರಡೂ ಕೈಯಿಂದ ಹಾಸಿಗೆಯ ಬಟ್ಟೆಯಲ್ಲಿ ಏನೋ ಹುಡುಕುತ್ತಿದ್ದಳು, ಮಡಿಕೆ ಮಡಿಕೆ ಬಿಡಿಸಿ. "ಎಲ್ಲಿ ಬಿತ್ರೀ, ಎಲ್ಲಿ ಬಿತ್ತು" ಅನ್ನುತ್ತಿದ್ದಳು.

ನನ್ನ ಸೀಮೆಸುಣ್ಣದ ಪುಡಿ. ಅದೇ.

ಮಂಚದ ಕಾಲ ಬಳಿ ಕೇಸ್ ಶೀಟ್ ತೂಗುತ್ತಿತ್ತು. ಅಂಥ ಫಾರಂನಲ್ಲಿ ಒಂದು ಕಾಲಂ ಇರುತ್ತದೆ, ಆಲ್ಕೋಹಾಲ್, ಯೆಸ್ ಆರ್ ನೋ. ನನ್ನ ಫಾರಂನಲ್ಲೂ ಇತ್ತು. ಇವಳದ್ದರಲ್ಲಿ ನೋ ಅಂತ ಟಿಕ್ ಆಗಿರುತ್ತದೆ, ಯಾರೂ ಕೇಳಿರುವುದಿಲ್ಲ. ವಿಭೂತಿ ಹಚ್ಚಿದ ಹೆಂಗಸಿಗೆ ಆ ಪ್ರಶ್ನೆ ಯಾರು ಕೇಳುತ್ತಾರೆ?

ಹೇಳಬೇಕಿತ್ತು. ಆ ಕ್ಷಣವೇ. ನಾನು ಕೂತೆ. ಅತ್ತೆಯ ಪಕ್ಕದ ಕುರ್ಚಿಯಲ್ಲಿ, ಪರ್ಸು ತೊಡೆಯ ಮೇಲಿಟ್ಟುಕೊಂಡು. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು ಅನ್ನುವ ರೂಲ್ ನಾನೇ ಮಾಡಿದ್ದು. ಹೇಳಿದರೆ ಈ ಮನೆಯಲ್ಲಿ ಅವಳ ಗತಿ ಏನು? ಇದು ಒಂದು ಯೋಚನೆ. ಇನ್ನೊಂದು ಇತ್ತು, ಅದನ್ನೂ ಬರೆಯಬೇಕು. ನನಗೆ ಹೇಗೆ ಗೊತ್ತು ಅಂತ ಇವರು ಕೇಳುತ್ತಾರೆ. ಆಗ ಗಾಲ್ ಬ್ಲಾಡರ್ ಕಥೆ ಮುಗಿಯುತ್ತದೆ, ನನ್ನದು, ಅನುದು, ಮನೆಯದು. ಗೋಡೆ ಗಡಿಯಾರ ನೋಡುತ್ತಾ ಕೂತೆ.

ನಲವತ್ತು ನಿಮಿಷ.

ಒಳಗಿನಿಂದ ಮಂಚದ ಕಬ್ಬಿಣ ಅದುರುವ ಸದ್ದು ಬಂತು. ಕಟಕಟ ಕಟಕಟ. ನರ್ಸುಗಳು ಓಡಿದರು. ಎರಡನೇ ಫಿಟ್ಸ್.

ಡ್ಯೂಟಿ ಡಾಕ್ಟರ್ ಹೊರಗೆ ಬಂದಾಗ ಅವರ ತೋಳು ಹಿಡಿದು ನಿಲ್ಲಿಸಿದೆ. Doctor, she is an alcoholic. She stopped two days ago, suddenly. This is withdrawal. ಇಂಗ್ಲಿಷಿನಲ್ಲಿ ಅದು ಸಲೀಸಾಗಿ ಬಂತು, ಸ್ಕೂಲಿನ ರೀಡರಿನ ವಾಕ್ಯ ಓದಿದ ಹಾಗೆ. ಆ ಡಾಕ್ಟರ್ ಒಂದು ಕ್ಷಣ ನನ್ನ ಮುಖ ನೋಡಿ ತಿರುಗಿ ಒಳಗೆ ಓಡಿದರು. ಗಂಡನ ಫೋನು ಕಿವಿಯಲ್ಲೇ ಉಳಿಯಿತು.

ಅತ್ತೆ ಎದ್ದು ನಿಂತರು. ಏನಂದರು ಈಕೆ ಅಂತ ಮಗನನ್ನು ಕೇಳಿದರು. ಮಗ ಗೋಡೆಯ ಕಡೆ ತಿರುಗಿದರು. ಅತ್ತೆ ನನ್ನ ಎದುರು ಬಂದರು.

"ಕನ್ನಡದಾಗ ಹೇಳ್ರಿ."

ಜೀವನದಲ್ಲಿ ನಾನು ಆ ಮಾತನ್ನು ಕನ್ನಡದಲ್ಲಿ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಡಿಪೆಂಡೆನ್ಸ್ ಅಂದೆ, ಅನು ಹತ್ತಿರ ಪ್ರಾಬ್ಲಂ ಅಂದೆ, ಮೀಟಿಂಗಿನಲ್ಲಿ ಆಲ್ಕೋಹಾಲಿಕ್ ಅಂದೆ. ಆ ಪದಗಳೆಲ್ಲ ಕಪ್ಪು ಸಾಸರಿನ ಹಾಗೆ, ಬಂದವರ ಎದುರು ಇಡಲು. ಕನ್ನಡದಲ್ಲಿ ಅದು ನಮ್ಮ ಬೀದಿಯ ಕೊನೆಯಲ್ಲಿ ಚರಂಡಿ ಪಕ್ಕ ಬಿದ್ದಿರುವವನಿಗೆ ಹೇಳುವ ಮಾತು.

"ಗಿರಿಜಾ ಕುಡೀತಾಳೆ ಅಮ್ಮ" ಅಂದೆ. "ನಾನೂ ಕುಡೀತಿದ್ದೆ. ನಾನೂ ಕುಡುಕಿನೇ. ನಮ್ಮನೇಲಿ ನಡೆಯೋದು ಇಂಗ್ಲಿಷ್ ಕ್ಲಾಸ್ ಅಲ್ಲ. ಲಿಂಗ ಕೈಗೆ ತಗೋಬೇಕು ಅಂತ ಅವಳು ಸೋಮವಾರ ಒಮ್ಮೆಗೇ ಬಿಟ್ಟುಬಿಟ್ಟಳು. ಹಾಗೆ ಬಿಡಬಾರದು ಅಂತ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ."

ಅತ್ತೆ ಕರಡಿಗೆ ಹಿಡಿದ ಮುಷ್ಟಿಯನ್ನು ನೋಡಿಕೊಂಡರು. ಮಾತಾಡಿದ್ದು ಗಂಡ, ತುಂಬ. ಮರ್ಯಾದಸ್ಥರ ಮನೆಯವರ ಹತ್ತಿರ ಇಂಥವಳನ್ನು ಯಾರು ಬಿಟ್ಟದ್ದು, ನಿಮ್ಮ ಕ್ಲಾಸಿನಲ್ಲೇ ಇದನ್ನು ಕಲಿತಿದ್ದಾಳೆ ಅಂದರು. ಎರಡನೆಯದು ಸುಳ್ಳು.

ಐಸಿಯುನಲ್ಲಿ ಆರು ದಿನ ಇದ್ದಳು. ಸರಿಯಾದ ಔಷಧಿ ಹೋದ ಮೇಲೆ ಫಿಟ್ಸ್ ನಿಂತಿತು. ಬದುಕಿದಳು. ಆದರೆ ಎರಡನೇ ಸಲ ಫಿಟ್ಸ್ ಬಂದಾಗ ಉಸಿರು ಸ್ವಲ್ಪ ಹೊತ್ತು ಕಟ್ಟಿತ್ತು, ಜ್ಞಾಪಕ ಪೂರ್ತಿ ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಹೇಳಲಾಗುವುದಿಲ್ಲ ಅಂತ ಅಲ್ಲಿನವರಿಂದ ಡಾಕ್ಟರ್ ನಂದಿನಿ ತಿಳಿದುಕೊಂಡು ಹೇಳಿದರು. ನಿಮ್ಮ ಮಾತಿನಿಂದ ಉಳಿದಳು ಅಂದರು. ನನ್ನ ಲೆಕ್ಕ ಬೇರೆ. ಸ್ಟಾರ್ ಒಂದು, ನಲವತ್ತು ನಿಮಿಷ ಒಂದು.

ಆ ವಾರ ಕುಡಿಯಬೇಕು ಅನಿಸಿತು. ಸುಳ್ಳು ಯಾಕೆ ಹೇಳಲಿ, ಹಳೆಯ ಆಟೋದವನ ನಂಬರು ಹುಡುಕಿದೆ. ಸಿಕ್ಕಿತು ಕೂಡ. ಡಯಲ್ ಮಾಡಲು ಹೊರಟವಳಿಗೆ ಮೂರು ಗಂಟೆ ಆದದ್ದು ಗೊತ್ತಾಯಿತು, ಗೇಟಿನ ಸದ್ದಿನಿಂದ. ಜಯಮ್ಮ ನೋಟ್‌ಬುಕ್ ಹಿಡಿದು ನಿಂತಿದ್ದರು. ಬಾಗಿಲು ತೆಗೆದೆ. ತೆಗೆಯದೆ ಇರಲು ಆಗಲಿಲ್ಲ.

ಗಿರಿಜಾಳ ಗಂಡ ಒಂದು ದಿನ ನಮ್ಮ ಗೇಟಿಗೆ ಬಂದು ಬೀದಿಗೆ ಕೇಳುವ ಹಾಗೆ ಮಾತಾಡಿ ಹೋಗಿದ್ದರು. ಎದುರುಮನೆಯವರು ಅನುವನ್ನು ತಡೆದು, ಏನಮ್ಮಾ ಏನೇನೋ ಹೇಳ್ತಾರಲ್ಲ ಜನ ಅಂತ ಕೇಳಿದರು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಅನು ಸ್ಕೂಟರ್ ಸ್ಟ್ಯಾಂಡ್ ಹಾಕಿದಳು.

"ನಿಜ ಆಂಟಿ. ನಮ್ಮಮ್ಮ ಕುಡೀತಿದ್ರು, ಈಗ ಇಲ್ಲ" ಅಂದಳು. "ನಿಮ್ಮ ಕಡೆ ಯಾರಾದ್ರೂ ಇದ್ರೆ ಮೂರು ಗಂಟೆಗೆ ಕಳಿಸಿ."

ಅವರು ಪಲ್ಯ ಕಳಿಸುವುದು ನಿಲ್ಲಿಸಿದರು. ಅನು ನನ್ನ ಹತ್ತಿರ ಈ ವಿಷಯ ಎತ್ತಲೇ ಇಲ್ಲ. ಮಾರನೇ ದಿನ ಬೋರ್ಡಿನ ಸಡಿಲವಾಗಿದ್ದ ಸ್ಕ್ರೂ ಬಿಗಿ ಮಾಡಿ ಆಫೀಸಿಗೆ ಹೋದಳು.

ಕ್ಲಾಸು ಈಗಲೂ ಇದೆ. ಇಬ್ಬರು ಬಿಟ್ಟರು, ಹೊಸಬರು ಇಬ್ಬರು ಬಂದರು. ಬಂದವರಿಗೆ ಮೊದಲ ದಿನ ಮೊದಲ ಮಾತು ಇದು, ಕನ್ನಡದಲ್ಲಿ: ಒಬ್ಬಳೇ ಬಿಡಬೇಡ, ಮೊದಲು ಡಾಕ್ಟರ ಹತ್ತಿರ ಹೋಗೋಣ, ನಾನು ಜೊತೆಗೆ ಬರುತ್ತೇನೆ. ಮಾತು ಈ ಬಾಗಿಲು ದಾಟಬಾರದು, ಜೀವಕ್ಕೆ ಬಂದರೆ ಮಾತ್ರ ದಾಟಿಸುತ್ತೇನೆ, ಅದಕ್ಕೆ ಒಪ್ಪಿದರೆ ಕೂತುಕೋ. ನಾನು ಯಾರಿಗೂ ಸ್ಟಾರ್ ಹಾಕುವುದಿಲ್ಲ. ವಾರಕ್ಕೊಂದು ದಿನ ಡಾಕ್ಟರ್ ನಂದಿನಿಯವರ ವಾರ್ಡಿಗೆ ಹೋಗಿ, ಬಿಡಿಸಿಕೊಳ್ಳಲು ಬಂದ ಹೆಂಗಸರ ಪಕ್ಕ ಕೂರುತ್ತೇನೆ. ಕೆಲವರು ಏನೇನೋ ಹುಡುಕುತ್ತಿರುತ್ತಾರೆ, ಹಾಸಿಗೆಯಲ್ಲಿ, ಗಾಳಿಯಲ್ಲಿ. ನಾನೂ ಹುಡುಕುತ್ತೇನೆ ಅವರ ಜೊತೆ. ರಿಜಿಸ್ಟರ್ ಬರೆಯುವುದು ಯಾವಾಗಲೋ ನಿಂತುಹೋಯಿತು, ನೆನಪಾಗಿ ನೋಡಿದಾಗ ಎಷ್ಟೋ ದಿನ ಖಾಲಿ ಇದ್ದವು. ಆ ದಿನಗಳಲ್ಲಿ ಕುಡಿದಿರಲಿಲ್ಲ. ಹಾಜರಿ ಹಾಕಿಕೊಳ್ಳಲು ಪುರುಸೊತ್ತು ಆಗಿರಲಿಲ್ಲ. ಜಯಮ್ಮ ಮಾತ್ರ ನಾಲ್ಕೂಕಾಲಾದರೆ ಗಡಿಯಾರ ತೋರಿಸುತ್ತಾರೆ, "ಮಿಸ್, ಅಳೋದೆಲ್ಲ ಆಯ್ತಲ್ಲ, ಈಗ ಇಂಗ್ಲಿಷ್ ಹೇಳ್ಕೊಡಿ" ಅಂತ.

ಗಿರಿಜಾ ಮತ್ತೆ ಕ್ಲಾಸಿಗೆ ಬರಲಿಲ್ಲ. ಶ್ರಾವಣದ ಕೊನೆಯ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅವಳ ಅತ್ತೆ ಫೋನ್ ಮಾಡಿದರು. ಊರಿಗೆ ಕರಕೊಂಡು ಹೋಗುತ್ತೇವೆ ಇವತ್ತು, ಮಗ ಕಾರಿಗೆ ಪೆಟ್ರೋಲ್ ಹಾಕಿಸಲು ಹೋಗಿದ್ದಾನೆ, ಬರುವುದಾದರೆ ಈಗಲೇ ಬನ್ನಿ ಅಂದರು. ಹೋದೆ. ಹಾಲಿನಲ್ಲಿ ಕಟ್ಟಿಟ್ಟ ಬ್ಯಾಗುಗಳಿದ್ದವು. ಅತ್ತೆ ಕೂರಿ ಅನ್ನಲಿಲ್ಲ. ದೇವರ ಕೋಣೆಯ ಬಾಗಿಲವರೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

ಗಿರಿಜಾ ಮಣೆಯ ಮೇಲೆ ಕೂತಿದ್ದಳು, ನಮಗೆ ಅರ್ಧ ಬೆನ್ನು ಮಾಡಿ. ತುಂಬ ಇಳಿದಿದ್ದಳು. ಮಣಿಕಟ್ಟಿನಲ್ಲಿ ಬ್ಯಾಂಡೇಜ್ ಇರಲಿಲ್ಲ, ಅದು ಸುತ್ತಿದ್ದ ಜಾಗ ಬಿಳಿಚಿಕೊಂಡಿತ್ತು. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ಒಂದು ಬಿಲ್ವಪತ್ರೆ. ಕೈ ನಡುಗುತ್ತಿತ್ತು. ಪತ್ರೆಯ ಮೂರೂ ಎಲೆ ಗಾಳಿಗೆ ಸಿಕ್ಕ ಹಾಗೆ ಅಲುಗುತ್ತಿದ್ದವು. ಹಿಡಿದುಕೊಳ್ಳೋಣ ಅಂತ ನಾನು ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆ ನನ್ನ ಸೆರಗು ಹಿಡಿದರು.

"ನಡುಗಿದ್ರ ನಡುಗ್ಲಿ ಬಿಡ್ರಿ" ಅಂದರು. "ಕೆಳಗ ಮಾತ್ರ ಇಡಬ್ಯಾಡ ಅಂದೀನಿ."

ಹೊರಗೆ ಕಾರು ಬಂದು ನಿಂತ ಸದ್ದಾಯಿತು. ನಾನು ಹಿಂದಿನ ಬಾಗಿಲಿನಿಂದ ಹೊರಟೆ. ಆಮೇಲೆ ಅವಳ ಫೋನು ಸ್ವಿಚ್ ಆಫ್, ಇವತ್ತಿನವರೆಗೂ.

ಆವತ್ತು ಪೂಜೆಯ ನಡುವೆ ಮಾತಾಡಿಸಬಾರದು ಅಂತ ನಾನು ಕರೆಯಲಿಲ್ಲ. ಅವಳೂ ತಲೆ ಎತ್ತಲಿಲ್ಲ. ಕಣ್ಣು ಅಂಗೈಯ ಮೇಲೆಯೇ ಇತ್ತು.